ಮೂರು ನಿಮಿಷಕ್ಕೆ ನೂರು ಸುತ್ತು

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮಹಡಿಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾಲ್ಕು ಜನ ಸೇರುತ್ತಿದ್ದರು, ಜಾಝ್ ಕೇಳಲು. ನಾಲ್ಕೇ ಜನವೇ ಎಂದು ಮೂಗು ಮುರಿಯಬೇಡಿ. ಅವರಲ್ಲಿ ಮೂವರ ಗತ್ತು ನಾನೂರು ಜನಕ್ಕೆ ಹಂಚಿದರೂ ಇನ್ನಷ್ಟು ಮಿಗುತ್ತಿತ್ತು.

ಮೊದಲನೆಯವರು ಡಾಕ್ಟರು. ಕೋಣೆ ಅವರದು, ರೆಕಾರ್ಡ್ ಪ್ಲೇಯರ್ ಅವರದು, ಬೀರುವಿನಷ್ಟು ಎತ್ತರದ ಎರಡು ಸ್ಪೀಕರ್‌ಗಳೂ ಅವರವು. ಆದ್ದರಿಂದ ಕೊನೆಯ ಮಾತೂ ಅವರದೇ ಎಂದು ಅವರು ತಿಳಿದಿದ್ದರು. ಎರಡನೆಯವರು ಮೇಷ್ಟ್ರು. ಕಾಲೇಜಿನಲ್ಲಿ ಮೂವತ್ತು ವರ್ಷ ರೇಖಾಗಣಿತ ಹೇಳಿ ನಿವೃತ್ತರಾದವರು, ಒಂದು ಡೋಲಿನ ಏಟಿಗೂ ಕಾರಣ ಕೊಡದೆ ಬಿಡುತ್ತಿರಲಿಲ್ಲ. ಮೂರನೆಯವರು ಸ್ಟುಡಿಯೋ ಅಮ್ಮ. ಗಂಡ ತೀರಿಕೊಂಡ ಮೇಲೆ ಅವರ ಫೋಟೋ ಸ್ಟುಡಿಯೋವನ್ನೂ ಅವರ ರೆಕಾರ್ಡುಗಳನ್ನೂ ಒಟ್ಟಿಗೆ ನೋಡಿಕೊಂಡು ಬಂದವರು.

ನಾಲ್ಕನೆಯವನು ಮೆಕ್ಯಾನಿಕ್. ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಇನ್ನೂರ ಹತ್ತು ಹೊಲಿಗೆ ಮಿಷನ್ನುಗಳ ಕಾಯಿಲೆ ಕಸಾಲೆ ನೋಡಿಕೊಳ್ಳುವುದು ಅವನ ಕೆಲಸ. ಸಾಲಿನ ಆ ತುದಿಯಲ್ಲಿ ಒಂದು ಮಿಷನ್ ಹೊಲಿಗೆ ತಪ್ಪಿದರೆ ಈ ತುದಿಯಲ್ಲಿ ಕೂತು ಸದ್ದಿನಲ್ಲೇ ಹೇಳುತ್ತಿದ್ದ, ಅದು ಎಷ್ಟನೆಯ ಮಿಷನ್ ಅಂತ. ಹನ್ನೊಂದು ವರ್ಷದ ಹಿಂದೆ ದವಡೆ ಹಲ್ಲು ಕೀಳಿಸಿಕೊಳ್ಳಲು ಬಂದವನು, ಬಾಯಿ ತುಂಬ ಹತ್ತಿ ಇಟ್ಟುಕೊಂಡೇ, ಮೇಲಿಂದ ಕೇಳುತ್ತಿದ್ದ ಸದ್ದಿಗೆ ಬೆರಳು ತೋರಿಸಿ, "ಸಾರ್, ಇದು ಟೆನರ್ ಸ್ಯಾಕ್ಸೋಫೋನ್ ಅಲ್ವಾ" ಎಂದಿದ್ದ. ಡಾಕ್ಟರು ಇಕ್ಕಳ ಕೆಳಗಿಟ್ಟು ಅವನನ್ನು ಮಹಡಿಗೆ ಕರೆದುಕೊಂಡು ಹೋದರು. ಅಲ್ಲಿ ಮೂರು ಒರಗು ಕುರ್ಚಿಗಳಿದ್ದವು. ಅವನಿಗೆ ಕ್ಲಿನಿಕ್ಕಿನ ಹಳೆಯ ಗಾಲಿ ಸ್ಟೂಲು ಕೊಟ್ಟರು. ಹನ್ನೊಂದು ವರ್ಷದಲ್ಲಿ ನಾಲ್ಕನೆಯ ಕುರ್ಚಿ ಬರಲಿಲ್ಲ, ಅವನೂ ಕೇಳಲಿಲ್ಲ.

ಈಗ ಪಟ್ಟಿಯ ವಿಷಯ. ಗೋಡೆಯ ಮೇಲೆ, ಹಲ್ಲಿನ ಬೇರುಗಳ ಬಣ್ಣದ ಚಿತ್ರದ ಪಕ್ಕದಲ್ಲಿ, ದಪ್ಪ ಹಾಳೆಯೊಂದರಲ್ಲಿ ನೂರು ಆಲ್ಬಮ್ಮುಗಳ ಹೆಸರಿದ್ದವು. ಜಾಝ್ ಕೇಳುವವರು ಕೇಳಲೇಬೇಕಾದ ನೂರು. ಒಂದು ಒಳಗೆ ಬರಬೇಕಾದರೆ ಒಂದು ಹೊರಗೆ ಹೋಗಬೇಕು. ಅದಕ್ಕೊಂದು ಪದ್ಧತಿ ಇತ್ತು. ವಾರಕ್ಕೊಬ್ಬರ ಸರದಿ. ಸರದಿಯವರು ರೆಕಾರ್ಡನ್ನು ಹಳೆಯ ಪೇಪರಿನಲ್ಲಿ ಸುತ್ತಿ ತರಬೇಕು, ನಡುವಿನ ಚೀಟಿಯ ಮೇಲೂ ಕಾಗದ ಅಂಟಿಸಿರಬೇಕು. ಯಾರು ನುಡಿಸಿದ್ದು, ಯಾವ ದೇಶದ್ದು, ಒಂದೂ ಗೊತ್ತಾಗಬಾರದು. ಒಂದು ಬದಿ ಪೂರ್ತಿ ಕೇಳಬೇಕು, ನಡುವೆ ತುಟಿ ಪಿಟಕ್ಕೆನ್ನಬಾರದು. ಆಮೇಲೆ ಮಿಕ್ಕ ಮೂವರೂ ಕೈ ಎತ್ತಿದರೆ ಪೇಪರ್ ಹರಿದು ಕವರು ತೋರಿಸುವುದು, ಪಟ್ಟಿಗೆ ಬರೆಯುವುದು. ಒಬ್ಬರ ಕೈ ಕೆಳಗಿದ್ದರೂ ಮುಗಿಯಿತು. ಆಗ ಪೇಪರ್ ಬಿಚ್ಚುವಂತಿಲ್ಲ, ಏನದು ಎಂದು ಯಾರೂ ಕೇಳುವಂತಿಲ್ಲ. ತಂದವರು ಹಾಗೇ ವಾಪಸು ಒಯ್ಯಬೇಕು, ಮತ್ತೆಂದೂ ತರಬಾರದು. ತಂದವರ ಮರ್ಯಾದೆ ಉಳಿಯಲಿ ಎಂದು ಮೇಷ್ಟ್ರೇ ಮಾಡಿದ ನಿಯಮ ಅದು.

ನಾಲ್ಕು ಜನರ ಹುಚ್ಚು ಎಂದು ತಳ್ಳಿಹಾಕುವಂತಿರಲಿಲ್ಲ. ಸ್ಟುಡಿಯೋ ಅಮ್ಮ ಪಟ್ಟಿಯ ಪ್ರತಿ ತೆಗೆದು ಅಂಗಡಿಯ ಗಾಜಿಗೆ ಅಂಟಿಸಿದ್ದರು. ಪಾಸ್‌ಪೋರ್ಟ್ ಫೋಟೋಗೆ ಬಂದವರು ಒಂದೊಂದು ಒಯ್ಯುತ್ತಿದ್ದರು. ಹಳೆಯ ರೆಕಾರ್ಡು ಮಾರುವವನು ಅದನ್ನೇ ನೋಡಿ ಅಟ್ಟಣಿಗೆ ಜೋಡಿಸಿದ್ದ. ಜಾಝ್ ಶುರು ಮಾಡಬೇಕು, ಏನು ಕೇಳಲಿ ಎಂದು ಆ ಊರಿನಲ್ಲಿ ಯಾರು ಯಾರನ್ನು ಕೇಳಿದರೂ ಕೊನೆಗೆ ಕೈಗೆ ಸಿಗುತ್ತಿದ್ದುದು ಆ ಹಾಳೆ. ವಾರವಿಡೀ ಬಟ್ಟೆ ಚೀಲದಲ್ಲಿ ರೆಕಾರ್ಡುಗಳು ಮನೆಯಿಂದ ಮನೆಗೆ ತಿರುಗುತ್ತಿದ್ದವು, ಒಳಗೊಂದು ಚೀಟಿ ಸಮೇತ. ಮೆಕ್ಯಾನಿಕ್‌ನ ಚೀಟಿಗಳು ಚಿಕ್ಕವು. "ಎರಡನೇ ಬದಿ, ಮೂರನೆಯದು. ಮನೆಯಲ್ಲಿ ಯಾರೂ ಇಲ್ಲದಾಗ ಕೇಳಿ" ಎಂದಿರುತ್ತಿತ್ತು. ನೂರರಲ್ಲಿ ಇಪ್ಪತ್ತಾರು ಅವನು ತಂದವು. ಆದರೂ ಹೊರಗಿನವರು ಬಂದಾಗ ಡಾಕ್ಟರು ಅವನ ಪರಿಚಯ ಹೇಳುತ್ತಿದ್ದ ರೀತಿ ಒಂದೇ: "ಇವನು ನಮ್ಮ ಮೆಕ್ಯಾನಿಕ್. ಪ್ಲೇಯರ್ ಕೆಟ್ಟರೆ ನೋಡ್ಕೋತಾನೆ."

ಮೆಕ್ಯಾನಿಕ್‌ಗೆ ಒಬ್ಬ ಅಣ್ಣನಿದ್ದ. ಹೇಳಬೇಕಾದ ಕಥೆ ಇವನದೇ ಅನ್ನಬೇಕು.

ಅಣ್ಣ ಒಂದು ಕಾಲದಲ್ಲಿ ದೊಡ್ಡ ಹೋಟೆಲೊಂದರ ಬ್ಯಾಂಡಿನಲ್ಲಿ ಟೆನರ್ ಸ್ಯಾಕ್ಸೋಫೋನ್ ಊದುತ್ತಿದ್ದ. ಹದಿನಾರು ವರ್ಷ ಊದಿದ. ಊದಿದ್ದಕ್ಕಿಂತ ಹೋಟೆಲಿನ ಮ್ಯಾನೇಜರ್ ಜೊತೆ ಜಗಳವಾಡಿದ್ದೇ ಹೆಚ್ಚು. ಕುಣಿಯುವವರ ಕಾಲಿಗೆ ಚುರುಕು ಬೇಕು, ಇನ್ನೊಂದು ಚೂರು ಬೇಗ ನುಡಿಸು ಎಂದು ಮ್ಯಾನೇಜರ್ ದಿನಾ ಬಂದು ಕೈ ಆಡಿಸುತ್ತಿದ್ದ. ಅಣ್ಣ ನಿಧಾನ. ಒಂದು ಸ್ವರ ಬಾಯಿಂದ ಹೊರಟು, ಕೋಣೆಯ ಗೋಡೆ ಮುಟ್ಟಿ, ಕೇಳುವವನ ಎದೆಯಲ್ಲಿ ಕೂರುವ ತನಕ ಇನ್ನೊಂದನ್ನು ಬಿಡುತ್ತಿರಲಿಲ್ಲ. ಮೆಲ್ಲಗೆ ನುಡಿಸಲು ಉಸಿರು ಹೆಚ್ಚು ಬೇಕು, ಧೈರ್ಯ ಇನ್ನೂ ಹೆಚ್ಚು ಬೇಕು ಎನ್ನುತ್ತಿದ್ದ.

ಒಂದೇ ಒಂದು ಸಲ ಅವನ ಮಾತು ನಡೆಯಿತು. ಧ್ವನಿಮುದ್ರಣದ ಕೋಣೆಯವನೊಬ್ಬ ಒಂದು ಮಧ್ಯಾಹ್ನ ಬಿಡುವಿದೆ, ನಿಮಗಿಷ್ಟ ಬಂದದ್ದು ನುಡಿಸಿ ಎಂದು ಬ್ಯಾಂಡಿನವರನ್ನು ಕರೆದ. ಐವರೂ ಹೋದರು. ಎರಡು ಬದಿ ತುಂಬ ಅಣ್ಣ ತನ್ನ ನಡಿಗೆಯಲ್ಲೇ ನುಡಿಸಿದ. ಮುನ್ನೂರು ಪ್ರತಿ ಒತ್ತಿಸಿದರು. ಮ್ಯಾನೇಜರ್ ಕೇಳಿ, "ನಿದ್ದೆ ಬರುತ್ತೆ" ಎಂದ. ಮುಂದಿನ ತಿಂಗಳು ಅಣ್ಣನಿಗೆ ಕೆಲಸ ಇರಲಿಲ್ಲ. ಮಾರಾಟವಾಗದ ಪ್ರತಿಗಳು ಹೋಟೆಲಿನ ಮೆಟ್ಟಿಲ ಕೆಳಗೆ ಬಿದ್ದಿದ್ದು, ನೀರಿನ ಪೈಪು ಒಡೆದು ಕೊಳೆತುಹೋದವು. ಮನೆಯಲ್ಲಿ ಎರಡು ಉಳಿದವು.

ಆಮೇಲೆ ಅಣ್ಣ ಬಣ್ಣದ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಮುಚ್ಚಳ ಹಾಕುವ ಕೆಲಸ ಹಿಡಿದ. ಮದುವೆ ಅಂತ ಒಂದಾಗಲಿಲ್ಲ. ಬಣ್ಣದ ಘಾಟು ವರ್ಷಗಟ್ಟಲೆ ಕುಡಿದು ಶ್ವಾಸಕೋಶ ಕೆಟ್ಟಿತು. ಈಗ ತಮ್ಮನ ಮನೆಯ ಹಿಂಬದಿಯ ಕೋಣೆಯಲ್ಲಿ, ಮಂಚದ ಪಕ್ಕ ಗೊರಗೊರ ಎನ್ನುವ ಆಮ್ಲಜನಕದ ಯಂತ್ರ ಇಟ್ಟುಕೊಂಡು ಮಲಗಿದ್ದ. ಸ್ಯಾಕ್ಸೋಫೋನಿನ ಪೆಟ್ಟಿಗೆ ಬೀರುವಿನ ಮೇಲಿತ್ತು. ಊದುವವನೊಬ್ಬನಿಗೆ ಉಸಿರಿಗೇ ಬರ ಬಂದರೆ ಅದನ್ನು ಏನೆಂದು ಕರೆಯಬೇಕೋ ತಿಳಿಯದು.

ಹೊಸ ವರ್ಷಕ್ಕೊಮ್ಮೆ ಮೆಕ್ಯಾನಿಕ್ ಅಣ್ಣನಿಗೆ ಪಟ್ಟಿಯ ಪ್ರತಿ ತಂದುಕೊಡುತ್ತಿದ್ದ. ಅಣ್ಣ ಭೂತಗನ್ನಡಿ ಹಿಡಿದು ಒಂದರಿಂದ ನೂರರ ತನಕ ಓದಿ, ಮಡಚಿ ದಿಂಬಿನಡಿ ಇಡುತ್ತಿದ್ದ. ಹನ್ನೊಂದನೆಯ ವರ್ಷ ಓದಿ ಮುಗಿಸಿ, ಗೋಡೆ ನೋಡುತ್ತಾ, "ನಂದು ಯಾವತ್ತಾದ್ರೂ ಅಲ್ಲಿ ಹಾಕ್ತೀಯೇನೋ" ಎಂದ.

ತಮ್ಮನಿಗೆ ಹನ್ನೊಂದು ವರ್ಷ ಅದನ್ನು ಒಯ್ಯದಿದ್ದುದಕ್ಕೆ ಕಾರಣವಿತ್ತು. "ಹೋಟೆಲ್ ಬ್ಯಾಂಡಿನವರು ನುಡಿಸೋದು ಜಾಝ್ ಅಲ್ಲಪ್ಪ, ಊಟದ ಜೊತೆ ಇಡೋ ನೀರಿನ ಲೋಟ" ಎಂದು ಡಾಕ್ಟರು ಒಮ್ಮೆ ಹೇಳಿ ಎಲ್ಲರೂ ನಕ್ಕಿದ್ದರು. ಅವನೂ ನಕ್ಕಿದ್ದ. ಆ ನಗುವನ್ನು ಅವನು ಯಾರಿಗೂ ಹೇಳಿರಲಿಲ್ಲ.

"ಹಾಕ್ತೀನಣ್ಣ. ನಾಳೆ ಭಾನುವಾರ ನನ್ನ ಸರದೀನೇ" ಎಂದ.

ಅವನ ಹೆಂಡತಿ ಅಡುಗೆಮನೆಯಿಂದಲೇ ಕೇಳಿಸಿಕೊಂಡಳು. "ಅವರು ಬೇಡ ಅಂದ್ರೆ ಭಾವನಿಗೆ ಏನು ಹೇಳ್ತೀರಿ" ಎಂದಳು, ಗಂಡ ಒಳಗೆ ಬಂದ ಮೇಲೆ. "ಆಸ್ಪತ್ರೆ ಡಾಕ್ಟ್ರು ಈ ಚಳಿಗಾಲ ದಾಟಿದ್ರೆ ಹೆಚ್ಚು ಅಂದಿದಾರೆ. ನೀವೂ ನಿಮ್ಮ ಪಟ್ಟಿಯೂ. ಮನೇಲಿ ನೀವೇ ಕೂತು ಕೇಳಿ ಚೆನ್ನಾಗಿದೆ ಅಂದ್ರೆ ಸಾಲ್ದಾ?"

"ನಾನು ಹೇಳಿದ್ರೆ ಅದು ತಮ್ಮ ಹೇಳಿದ್ದು ಅಷ್ಟೇ. ಅವರು ಹೇಳ್ಬೇಕು."

"ಅವರ್ಯಾರ್ರೀ ಹೇಳೋಕೆ" ಎಂದಳು ಅವಳು. ಸರಿಯಾದ ಪ್ರಶ್ನೆಯೇ. ಅವನು ಸ್ಪ್ಯಾನರ್ ಪೆಟ್ಟಿಗೆ ತೆಗೆದುಕೊಂಡು ಹೊರಟ. ಹಿಂದಿನ ವಾರವಷ್ಟೇ ಕ್ಲಿನಿಕ್ಕಿನ ಪ್ಲೇಯರಿನ ಬೆಲ್ಟು ಹರಿದಿತ್ತು. ಅದನ್ನು ಶನಿವಾರ ಮಧ್ಯಾಹ್ನವೇ ಸರಿಮಾಡಿ ಇಡಬೇಕಿತ್ತು.

ಬೆಲ್ಟು, ಪುಲ್ಲಿ ಎಂದರೆ ಅವನಿಗೆ ಉಂಡು ಕೈ ತೊಳೆದಷ್ಟು ಸಲೀಸು. ರೆಕಾರ್ಡು ಕೂರುವ ತಟ್ಟೆ ಎತ್ತಿ ಪಕ್ಕಕ್ಕಿಟ್ಟ. ಬೆಲ್ಟನ್ನು ತಿರುಗಿಸುವ ಮೋಟರಿನ ಪುಟ್ಟ ಗಾಲಿಯನ್ನು, ಅಂದರೆ ಪುಲ್ಲಿಯನ್ನು, ನೋಡಿದವನು ಹಾಗೇ ಬಗ್ಗಿ ನಿಂತುಬಿಟ್ಟ. ಅದರ ಸುತ್ತ ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ಟೇಪು, ಎರಡು ಸುತ್ತು, ಎಣ್ಣೆ ಧೂಳು ಮೆತ್ತಿ ಕಪ್ಪಗಾಗಿತ್ತು. ಯಾವುದೋ ಕಾಲದಲ್ಲಿ ಬೆಲ್ಟು ಜಾರಿದೆ, ಡಾಕ್ಟರು ಕೈಗೆ ಸಿಕ್ಕ ಮದ್ದು ಮಾಡಿದ್ದಾರೆ. ಹಲ್ಲಿನವರ ಬುದ್ಧಿಗೆ ಪುಲ್ಲಿಯೂ ಒಂದು ಗಾಯವೇ. ಆದರೆ ಪುಲ್ಲಿ ದಪ್ಪಗಾದರೆ ತಟ್ಟೆ ಜೋರಾಗಿ ತಿರುಗುತ್ತದೆ ಎಂದು ಹೊಲಿಗೆ ಕಾರ್ಖಾನೆಯಲ್ಲಿ ಕಸ ಗುಡಿಸುವವನೂ ಹೇಳುತ್ತಾನೆ.

ಹೊಸ ಬೆಲ್ಟು ಹಾಕಿ, ಟೇಪನ್ನು ಹಾಗೇ ಬಿಟ್ಟು, ತಟ್ಟೆಯ ಅಂಚಿಗೆ ಒಂದು ಚೂರು ಕಾಗದ ಸಿಕ್ಕಿಸಿ, ಕೈಗಡಿಯಾರ ನೋಡುತ್ತಾ ಎಣಿಸಿದ. ಸರಿಯಾದ ಪ್ಲೇಯರ್ ಮೂರು ನಿಮಿಷಕ್ಕೆ ನೂರು ಸುತ್ತು ತಿರುಗಬೇಕು. ಇದು ನೂರ ಆರು ತಿರುಗಿತು. ಮತ್ತೆ ಎಣಿಸಿದ. ನೂರ ಆರೇ.

ಇಲ್ಲಿ ಹಾಕಿದ ರೆಕಾರ್ಡು ಮನೆಯಲ್ಲಿ ಹಾಕಿದ್ದಕ್ಕಿಂತ ಚುರುಕು ಅನ್ನಿಸುತ್ತಿದ್ದುದು ಅವನಿಗೂ ಗೊತ್ತಿತ್ತು. ದೊಡ್ಡ ಸ್ಪೀಕರಿನ ಮಹಿಮೆ ಎಂದುಕೊಂಡಿದ್ದ. ಇಷ್ಟು ವರ್ಷ ಈ ಕೋಣೆಯಲ್ಲಿ ಕೇಳಿದ್ದೆಲ್ಲ ಅರ್ಧ ಸ್ವರ ಮೇಲೆ, ಒಂದು ಹೆಜ್ಜೆ ಮುಂದೆ. ನೂರರ ಪಟ್ಟಿ ಪೂರ್ತಿ ಹೀಗೇ ಆರಿಸಿದ್ದು. ನಿಧಾನದ ರೆಕಾರ್ಡುಗಳು ಇಲ್ಲಿ ಗೆದ್ದಿದ್ದು ಓಡಿದ್ದರಿಂದ, ಓಟದ ರೆಕಾರ್ಡುಗಳು ಗೆದ್ದಿದ್ದು ಹಾರಿದ್ದರಿಂದ. ಅವನಿಗೆ ನಗು ಬಂತು. ಒಬ್ಬನೇ ನಕ್ಕ.

ಚಾಕುವಿನಿಂದ ಟೇಪು ಕೆರೆದು ತೆಗೆದ. ಪುಲ್ಲಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿದ. ಎಣಿಸಿದ. ನೂರು.

ಡಾಕ್ಟರಿಗೆ ಅಂದೇ ಹೇಳಬೇಕಿತ್ತು. ಹೇಳಲಿಲ್ಲ. ಅವನು ಎಡವಿದ್ದು ಇಲ್ಲೇ. ನಾಳೆ ಈ ಕೋಣೆಯಲ್ಲಿ ಮೊಟ್ಟಮೊದಲ ಸಲ ಸರಿಯಾದ ನಡೆಯಲ್ಲಿ ಕೇಳುವುದು ಅಣ್ಣನ ರೆಕಾರ್ಡು ಆಗಲಿ, ಎಲ್ಲರೂ ಬೆರಗಾಗಲಿ, ಆಮೇಲೆ ಹೇಳೋಣ ಎಂಬ ಆಸೆ ಅವನಿಗೆ. ಹನ್ನೊಂದು ವರ್ಷ ಸ್ಟೂಲಿನ ಮೇಲೆ ಕೂತವನಿಗೆ ಅಷ್ಟೂ ಆಸೆ ಬೇಡವೇ.

ಭಾನುವಾರ ಮೊದಲ ಬದಿ ಹಾಕಿದ. ಹದಿನೆಂಟು ನಿಮಿಷ ಅಣ್ಣನ ಉಸಿರು ಆ ಕೋಣೆಯಲ್ಲಿ ಓಡಾಡಿತು. ಮೆಕ್ಯಾನಿಕ್ ತಲೆ ತಗ್ಗಿಸಿ ತನ್ನ ಬೂಟುಗಳನ್ನೇ ನೋಡುತ್ತಿದ್ದ. ಮುಳ್ಳು ಎತ್ತಿದಾಗ ಯಾವ ಕೈಯೂ ಮೇಲೆ ಹೋಗಲಿಲ್ಲ.

"ಎಳೆಯುತ್ತೆ" ಎಂದರು ಮೇಷ್ಟ್ರು. "ಒಂದು ಬಿಂದುವಿನಿಂದ ಇನ್ನೊಂದಕ್ಕೆ ಹೋಗೋದಕ್ಕೆ ಸರಳ ರೇಖೆ ಅಂತ ಒಂದಿದೆ. ಇವನಿಗೆ ಅದು ಗೊತ್ತಿಲ್ಲ."

"ಊದೋನಿಗೆ ನಿದ್ದೆ ಬಂದಿತ್ತೇನೋ" ಎಂದರು ಡಾಕ್ಟರು.

ಸ್ಟುಡಿಯೋ ಅಮ್ಮ ಮಾತ್ರ, "ದನಿ ಚೆನ್ನಾಗಿದೆ ಕಣ್ರೀ. ಆದ್ರೆ ಯಾಕೋ ಜೀವ ಇಲ್ಲ" ಎಂದರು. ಪಾಪ, ನೋಯಿಸಬಾರದೆಂದೇ ಹೇಳಿದ್ದು. ಜಾಸ್ತಿ ನೋವಾಗಿದ್ದು ಅದೇ.

ಬಾಯಿ ಸಿಹಿ ಮಾಡಿಕೊಳ್ಳೋಣ ಎಂದು ಡಾಕ್ಟರು ಪಟ್ಟಿಯ ಮೂರನೆಯ ನಂಬರಿನ ರೆಕಾರ್ಡು ಹಾಕಿದರು. ಅವರು ಸಾವಿರ ಸಲ ಕೇಳಿದ್ದು. ಅರ್ಧ ನಿಮಿಷಕ್ಕೇ ಮುಖ ಸಿಂಡರಿಸಿದರು. ಎದ್ದು ಸ್ಪೀಕರಿಗೆ ಕಿವಿ ಇಟ್ಟರು. "ಏನಾಗಿದೆ ಇದಕ್ಕೆ? ಹೆಣ ಎಳ್ಕೊಂಡು ಹೋದ ಹಾಗಿದೆ. ಏನು ಮಾಡ್ದೆ ಮಾರಾಯ ನಿನ್ನೆ?"

ಆಗ ಅವನು ಹೇಳಿದ. ಟೇಪಿನ ವಿಷಯ, ನೂರ ಆರರ ವಿಷಯ, ಎಲ್ಲ. "ಈಗ ಸರಿಯಾಗಿದೆ ಸಾರ್. ಮುಂಚೆ ಇದ್ದದ್ದೇ ತಪ್ಪು. ಬೇಕಾದ್ರೆ ನೀವೇ ಎಣಿಸಿ."

ಯಾರೂ ಎಣಿಸಲಿಲ್ಲ. ಡಾಕ್ಟರು ಮೇಷ್ಟ್ರ ಮುಖ ನೋಡಿದರು, ಮೇಷ್ಟ್ರು ಚಾವಣಿ ನೋಡಿದರು. ಆಮೇಲೆ ಇಬ್ಬರೂ ನಕ್ಕರು. "ಅಂದ್ರೆ ನೀನು ಬರೋಕೆ ಮುಂಚಿನಿಂದ, ಹತ್ತೊಂಬತ್ತು ವರ್ಷದಿಂದ ನಮ್ಮ ಕಿವಿ ಕೆಟ್ಟಿತ್ತು ಅಂತೀಯಾ?" ಎಂದರು ಡಾಕ್ಟರು. ನಗುತ್ತಲೇ ಕೇಳಿದ್ದು, ಆದರೆ ಕಣ್ಣು ನಗುತ್ತಿರಲಿಲ್ಲ.

"ಸಂಗೀತ ಅಂದ್ರೆ ಹೊಲಿಗೆ ಮಿಷನ್ ಅಲ್ಲಪ್ಪ, ಸುತ್ತು ಎಣಿಸೋಕೆ" ಎಂದರು ಮೇಷ್ಟ್ರು. ಜೀವಮಾನವೆಲ್ಲ ಕೋನ ಅಳೆದ ಮನುಷ್ಯ ಹೇಳಿದ ಮಾತು ಇದು.

ಡಾಕ್ಟರು ಕೆಳಗೆ ಹೋಗಿ ಹೊಸ ಪ್ಲಾಸ್ಟರ್ ಸುರುಳಿ ತಂದು ಅವನ ಕೈಗಿಟ್ಟರು. "ಹೇಗಿತ್ತೋ ಹಾಗೆ ಮಾಡು." ಅವನು ಸ್ಟೂಲಿನಿಂದಿಳಿದು ಮೊಣಕಾಲೂರಿ, ಎರಡು ಸುತ್ತು ಸುತ್ತಿದ. ಮೂರನೆಯ ನಂಬರಿನದು ಮತ್ತೆ ಮೊಳಗಿತು. ಡಾಕ್ಟರು ಕಣ್ಣು ಮುಚ್ಚಿ, "ಹಾಂ, ಈಗ ಉಸಿರು ಬಂತು" ಎಂದರು.

ಮನೆಯಲ್ಲಿ ಅಣ್ಣ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ. ದಿಂಬಿಗೆ ಒರಗಿ ಎದ್ದು ಕೂತಿದ್ದ. "ಏನಂದ್ರು?"

"ಇವತ್ತು ಹಾಕೋಕೆ ಆಗ್ಲಿಲ್ಲ ಅಣ್ಣ. ಬೆಲ್ಟು ತೊಂದ್ರೆ ಕೊಡ್ತು."

ಅಣ್ಣ ಹೂಂ ಎಂದು ಮಲಗಿದ. ಹೆಂಡತಿ ಬಾಗಿಲಲ್ಲಿ ನಿಂತು ಗಂಡನ ಮುಖ ನೋಡಿದಳು, ಪೇಪರ್ ಸುತ್ತಿದ್ದ ರೆಕಾರ್ಡು ನೋಡಿದಳು. ಊಟಕ್ಕೆ ಬಡಿಸಿದಳು.

ಮತ್ತೆ ಅವನ ಸರದಿ ಬರಲು ನಾಲ್ಕು ವಾರ. ಆ ನಾಲ್ಕು ವಾರದಲ್ಲಿ ಅಣ್ಣ ಇನ್ನಷ್ಟು ಇಳಿದುಹೋದ. ಮೊದಲು ಬಚ್ಚಲ ತನಕ ಗೋಡೆ ಹಿಡಿದು ಹೋಗುತ್ತಿದ್ದವನನ್ನು ಈಗ ಹೆಗಲು ಕೊಟ್ಟು ಕರೆದೊಯ್ಯಬೇಕಾಯಿತು. ತಿರಸ್ಕಾರವಾದದ್ದನ್ನು ಮತ್ತೆ ತರಬಾರದೆಂಬ ನಿಯಮ ಮೆಕ್ಯಾನಿಕ್‌ಗೆ ಗೊತ್ತಿತ್ತು. ಪೇಪರ್ ಬಿಚ್ಚಿಲ್ಲವಾದ್ದರಿಂದ ಏನು ತಿರಸ್ಕಾರವಾಯಿತೆಂದು ಯಾರಿಗೂ ಗೊತ್ತಿಲ್ಲವೆಂಬುದೂ ಗೊತ್ತಿತ್ತು. ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಲೇ ಈ ಎರಡನ್ನೂ ತಿರುವಿ ಹಾಕಿದ. ಒಂದು ದಿನ ಸೂಜಿ ಬದಲಿಸುವಾಗ ಮಿಷನ್ನಿನ ಸ್ವಿಚ್ಚು ಆರಿಸಲು ಮರೆತು ಬೆರಳು ಚುಚ್ಚಿಸಿಕೊಂಡ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ.

ಸರದಿಯ ದಿನ ಅದೇ ರೆಕಾರ್ಡನ್ನು ಬೇರೆ ಪೇಪರಿನಲ್ಲಿ ಸುತ್ತಿ ಒಯ್ದ. ಎರಡನೆಯ ಬದಿ ಹಾಕಿದ. ಪುಲ್ಲಿಯ ಮೇಲೆ ಎರಡು ಸುತ್ತು ಪ್ಲಾಸ್ಟರ್ ಇತ್ತು.

ಮುಳ್ಳು ಎತ್ತುವ ಮೊದಲೇ ಡಾಕ್ಟರ ಕೈ ಮೇಲಿತ್ತು. ಮೇಷ್ಟ್ರದೂ. ಸ್ಟುಡಿಯೋ ಅಮ್ಮ ಎರಡೂ ಕೈ ಎತ್ತಿದರು. "ಯಾರಪ್ಪ ಇವನು" ಎಂದರು ಡಾಕ್ಟರು. "ತಡಿ, ಹೇಳ್ಬೇಡ." ಹತ್ತು ನಿಮಿಷ ಊಹೆ ನಡೆಯಿತು. ದೊಡ್ಡ ದೊಡ್ಡ ಹೆಸರುಗಳೇ ಬಂದವು. ಮೇಷ್ಟ್ರು ಯಾವ ದೇಶ, ಯಾವ ವರ್ಷ ಎಂದೂ ಸಾಧಿಸಿ ತೋರಿಸಿದರು. ಆಮೇಲೆ ಪೇಪರ್ ಹರಿದರು. ಕವರಿನ ಮೇಲೆ ಹೋಟೆಲಿನ ಬಾಗಿಲ ಮುಂದೆ ಐದು ಜನ ಸಾಲಾಗಿ ನಿಂತ ಫೋಟೋ ಇತ್ತು.

"ಇದು ಆ ಹೋಟೆಲಿನವರಲ್ವಾ" ಎಂದರು ಡಾಕ್ಟರು, ಕವರು ತಿರುವಿ ನೋಡುತ್ತಾ.

"ಹೌದು ಸಾರ್. ಊದಿರೋದು ನಮ್ಮಣ್ಣ."

ಎತ್ತಿದ ಕೈ ಇಳಿಸುವಂತಿರಲಿಲ್ಲ. ಡಾಕ್ಟರು ದೊಡ್ಡ ಮನಸ್ಸು ಮಾಡಿದರು. ಅರವತ್ತೊಂದನೆಯದನ್ನು ಹೊಡೆದುಹಾಕಿ ಅಲ್ಲಿ ತಾವೇ ಹೆಸರು ಬರೆದರು. "ಇಷ್ಟು ದಿನ ಯಾಕೋ ಮುಚ್ಚಿಟ್ಟಿದ್ದೆ? ಮುಂದಿನ ವಾರ ಅವರನ್ನ ಕರ್ಕೊಂಡು ಬಾ. ನಾವು ನೋಡ್ಬೇಕು."

ಅಣ್ಣನಿಗೆ ಸುದ್ದಿ ಹೇಳಿದಾಗ ಅವನು ತಕ್ಷಣ ನಂಬಲಿಲ್ಲ. ಪಟ್ಟಿಯ ಹೊಸ ಪ್ರತಿಯನ್ನು ಭೂತಗನ್ನಡಿಯಲ್ಲಿ ನೋಡಿದ. ಅರವತ್ತೊಂದರ ಮೇಲೆ ಕನ್ನಡಿ ನಿಂತಿತು.

"ಯಾವ ಬದಿ ಹಾಕ್ದೆ?"

"ಎರಡನೇದು."

"ಎಳೆಯುತ್ತೆ ಅನ್ಲಿಲ್ವಾ?"

"ಇಲ್ಲ ಅಣ್ಣ."

"ನಿಧಾನ ಆಯ್ತು ಅಂತ ಯಾರೂ ಅನ್ಲಿಲ್ವಾ? ಒಬ್ರೂ?"

"ಇಲ್ಲ."

ಅಣ್ಣ ಕಣ್ಣಿಗೆ ಕೈ ಅಡ್ಡ ಇಟ್ಟುಕೊಂಡು ಅತ್ತ. ಮೂವತ್ತೈದು ವರ್ಷ ಒಳಗೆ ಕಟ್ಟಿಕೊಂಡಿದ್ದ ಅಳು, ಉಸಿರು ಸಾಲದೆ ತುಂಡು ತುಂಡಾಗಿ ಹೊರಗೆ ಬಂತು. ಆಮೇಲೆ, "ನಾನೇ ಸರಿ ಇದ್ದೆ ಹಾಗಾದ್ರೆ" ಎಂದ. ಮಾರನೆಯ ದಿನ ತಾನೇ ಕೇಳಿ ಗಡ್ಡ ತೆಗೆಸಿಕೊಂಡ. ಎರಡು ತುತ್ತು ಹೆಚ್ಚಿಗೆ ಉಂಡ. ಮೆಕ್ಯಾನಿಕ್‌ನ ಹೆಂಡತಿ ಬೀರುವಿನಿಂದ ಭಾವನ ಹಳೆಯ ಕೋಟು ತೆಗೆದು ಬಿಸಿಲಿಗೆ ಹಾಕಿದಳು. "ಒಂದು ಮಾತಿಗೆ ಮನುಷ್ಯ ಹೀಗೆ ಎದ್ದು ಕೂರ್ತಾರೆ ಅಂತ ಗೊತ್ತಿದ್ರೆ ನಾನೇ ಎಂದೋ ಹೇಳ್ತಿದ್ದೆ" ಎಂದಳು ಗಂಡನಿಗೆ.

ಪ್ಲಾಸ್ಟರ್ ತೆಗೆದರೆ, ಅಣ್ಣನ ಎದುರಿಗೇ ಆ ಮೂವರು ಮುಖ ಸಿಂಡರಿಸುತ್ತಾರೆ. ಬಿಟ್ಟರೆ, ತನ್ನ ನಡೆ ಓಡುತ್ತಿದೆ ಎಂದು ಅಣ್ಣನ ಕಿವಿಗೆ ಗೊತ್ತಾಗುತ್ತದೆ. ಶನಿವಾರ ಕ್ಲಿನಿಕ್ಕಿನ ಕೀಲಿ ಇಸಿದುಕೊಂಡು ಮಹಡಿಗೆ ಹೋದ. ತಟ್ಟೆ ಎತ್ತಿದ. ಚಾಕು ಕೈಯಲ್ಲಿ ಹಿಡಿದು ಕಾಲು ಗಂಟೆ ನಿಂತ. ಅಣ್ಣನಿಗೆ ವಯಸ್ಸಾಯಿತು, ಹಗಲೆಲ್ಲ ಆ ಯಂತ್ರದ ಗೊರಗೊರ ಕೇಳಿ ಕಿವಿ ಮಂದವಾಗಿರುತ್ತದೆ, ಮೂವತ್ತೈದು ವರ್ಷದ ಹಿಂದಿನದು, ನೂರಕ್ಕೆ ಆರು, ಏನು ಮಹಾ ಎಂದು ತನಗೆ ತಾನೇ ಹೇಳಿಕೊಂಡ. ನಿಜ ಹೇಳಬೇಕೆಂದರೆ ಅಣ್ಣನಿಗಿಂತ ಆ ಮೂವರಿಗೇ ಅವನು ಹೆಚ್ಚು ಹೆದರಿದ. ಚಾಕು ಮಡಚಿ ಜೇಬಿಗಿಟ್ಟು, ತಟ್ಟೆ ಮುಚ್ಚಿ ಬಂದುಬಿಟ್ಟ.

ಭಾನುವಾರ ಅಣ್ಣ ಇಪ್ಪತ್ತೆರಡು ಮೆಟ್ಟಿಲು ಹತ್ತಿದ. ನಾಲ್ಕಕ್ಕೊಮ್ಮೆ ನಿಂತ. ಪುಟ್ಟ ಸಿಲಿಂಡರು ಹಿಡಿದು ತಮ್ಮ ಹಿಂದೆ. ಡಾಕ್ಟರು ಬಾಗಿಲ ತನಕ ಬಂದು, ತಮ್ಮದೇ ಒರಗು ಕುರ್ಚಿಯಲ್ಲಿ ಕೂರಿಸಿದರು. ಸ್ಟುಡಿಯೋ ಅಮ್ಮ ಫೋಟೋ ತೆಗೆದರು. "ನಿಮ್ಮಂಥೋರು ಇದೇ ಊರಲ್ಲಿದ್ದು ನಮಗೆ ಗೊತ್ತಿರ್ಲಿಲ್ಲ ನೋಡಿ" ಎಂದರು ಮೇಷ್ಟ್ರು. ಅಣ್ಣ ಮಗುವಿನ ಹಾಗೆ ನಕ್ಕ.

ಡಾಕ್ಟರು ಎರಡನೆಯ ಬದಿ ಹಾಕಿದರು.

ಅಣ್ಣನ ಎರಡೂ ಕೈ ತೊಡೆಯ ಮೇಲೆ ಮೇಲೊಂದು ಕೆಳಗೊಂದು ಬಂದು ನಿಂತವು, ಸ್ಯಾಕ್ಸೋಫೋನ್ ಹಿಡಿದ ಹಾಗೆ. ಮೊದಲ ಸ್ವರಕ್ಕೆ ಬೆರಳುಗಳು ತಾವಾಗಿ ಒತ್ತಿದವು. ಒತ್ತಿದ್ದು ತಾಳೆಯಾಗಲಿಲ್ಲ. ಬೆರಳು ಎತ್ತಿ ಬೇರೆ ಕಡೆ ಇಟ್ಟ. ಅಲ್ಲೂ ಇಲ್ಲ. ಮೂರನೆಯ ಸಲ ಅವು ಸಿಕ್ಕವು, ಅರ್ಧ ಸ್ವರ ಮೇಲೆ, ಅವನೆಂದೂ ಆ ರಾಗಕ್ಕೆ ಇಡದ ಜಾಗದಲ್ಲಿ. ಅಲ್ಲಿಂದ ಬೆರಳು ಅಲುಗಾಡಲಿಲ್ಲ. ನೋಡಿದವನು ತಮ್ಮ ಒಬ್ಬನೇ. ಉಳಿದ ಮೂವರೂ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.

"ಏನು ಚುರುಕು ಸಾರ್ ನಿಮ್ಮದು" ಎಂದರು ಡಾಕ್ಟರು, ಮುಗಿದ ಮೇಲೆ. "ಒಂದು ಕಡೆ ನಿಲ್ಲಲ್ಲ. ಬೆಂಕಿ."

"ಸಂತೋಷ" ಎಂದ ಅಣ್ಣ. ಎಲ್ಲರಿಗೂ ಕೈ ಮುಗಿದ. ಗೋಡೆಯ ಮೇಲಿನ ಅರವತ್ತೊಂದನ್ನು ಒಂದು ಸಲ ನೋಡಿದ. ರೆಕಾರ್ಡನ್ನು ಕವರಿಗೆ ಹಾಕಲು ಹೋದ ತಮ್ಮನಿಗೆ, "ಬಿಡು, ಅದು ಇಲ್ಲೇ ಇರ್ಲಿ. ಇವರದೇ ಅದು" ಎಂದ. ಎಂಥ ದೊಡ್ಡ ಗುಣ ಎಂದು ಡಾಕ್ಟರು ಮೆಚ್ಚಿಕೊಂಡರು.

ಇಳಿಯುವಾಗ ಆರನೆಯ ಮೆಟ್ಟಿಲಲ್ಲಿ ಅಣ್ಣ ನಿಂತ. ಉಸಿರಿಗಾಗಿ ಎಂದುಕೊಂಡ ತಮ್ಮ.

"ಎಷ್ಟು ಹೆಚ್ಚಿದೆ?" ಎಂದ ಅಣ್ಣ.

ತಮ್ಮ ಸಿಲಿಂಡರನ್ನು ಇನ್ನೊಂದು ಕೈಗೆ ಬದಲಿಸಿದ. "ಮೂರು ನಿಮಿಷಕ್ಕೆ ಆರು ಸುತ್ತು."

"ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

ಅಣ್ಣ ಕಂಬಿ ಹಿಡಿದುಕೊಂಡು ಬೀದಿಯ ಕಡೆ ನೋಡಿದ. ಸಿಟ್ಟಿರಲಿಲ್ಲ ಆ ಮುಖದಲ್ಲಿ. ಸಿಟ್ಟಿದ್ದರೆ ಎಷ್ಟೋ ವಾಸಿಯಿತ್ತು.

"ಆ ಮ್ಯಾನೇಜರ್ ಕೇಳಿದ್ದೂ ಇಷ್ಟೇ ಕಣೋ" ಎಂದ. "ಇನ್ನೊಂದು ಚೂರು ಬೇಗ. ಇಷ್ಟೇ ಅವನು ಕೇಳಿದ್ದು. ಕೆಲಸ ಹೋದ್ರೂ ನಾನು ಕೊಡ್ಲಿಲ್ಲ. ನೀನು ಕೊಟ್ಬಿಟ್ಟೆ."

ಉಳಿದ ಹದಿನಾರು ಮೆಟ್ಟಿಲನ್ನು ಇಬ್ಬರೂ ಒಂದೊಂದಾಗಿ ಇಳಿದರು.

ಅದಾದ ಮೇಲೆ ಅಣ್ಣ ಏಳು ವಾರ ಇದ್ದ. ತಮ್ಮನ ಜೊತೆ ಮಾತು ಬಿಡಲಿಲ್ಲ. ಔಷಧಿ, ನೀರು, ಕಿಟಕಿ, ಎಲ್ಲ ಕೇಳಿದ. ಭಾನುವಾರ ತಮ್ಮ ಮನೆಗೆ ಬಂದಾಗ "ಏನಂದ್ರು" ಎಂದು ಮಾತ್ರ ಕೇಳಲಿಲ್ಲ. ಮನೆಯಲ್ಲಿ ಉಳಿದ ಇನ್ನೊಂದು ಪ್ರತಿ ಹಾಕಲೇ ಎಂದಾಗ, "ಬೇಡ ಬಿಡು, ಇನ್ನು ಯಾವುದು ನಾನು ಅಂತ ಗೊತ್ತಾಗಲ್ಲ" ಎಂದ. ಅವನು ಹೋದ ದಿನ ದಿಂಬಿನಡಿ ಹನ್ನೊಂದು ವರ್ಷದ ಹನ್ನೊಂದು ಪಟ್ಟಿಗಳು ಸಿಕ್ಕವು. ಹೊಸದು ಇರಲಿಲ್ಲ. ಅದನ್ನು ಎಲ್ಲಿ ಹರಿದು ಹಾಕಿದನೋ ಯಾರಿಗೂ ಗೊತ್ತಾಗಲಿಲ್ಲ.

ಅರವತ್ತೊಂದನೆಯ ನಂಬರು ಇಂದಿಗೂ ಪಟ್ಟಿಯಲ್ಲಿದೆ. ಕೇಳಲು ಬರುವವರಿಗೆ ಡಾಕ್ಟರು ತಾವೇ ಎದ್ದು ಹಾಕುತ್ತಾರೆ, ನಮ್ಮ ಊರಿನವನೇ, ನಾವೇ ಹುಡುಕಿ ತೆಗೆದದ್ದು ಎನ್ನುತ್ತಾರೆ. ಬಂದವರು ಏನು ಓಟ ಎಂದು ಬೆರಗಾಗುತ್ತಾರೆ. ಮೆಕ್ಯಾನಿಕ್ ಸ್ಟೂಲಿನ ಮೇಲೆ ಕೂತಿರುತ್ತಾನೆ. ಬಿಟ್ಟುಬಿಡಿ ಅತ್ತ ಹೋಗೋದನ್ನ ಎಂದು ಹೆಂಡತಿ ಎಷ್ಟೋ ಸಲ ಹೇಳಿದಳು. ಅಣ್ಣನ ಉಸಿರು ನಾಲ್ಕು ಜನರ ಮುಂದೆ ಕೇಳುವ ಜಾಗ ಅದೊಂದೇ ಎಂದು ಅವಳಿಗೆ ಹೇಗೆ ಬಿಡಿಸಿ ಹೇಳುವುದು.

ಹೋದ ತಿಂಗಳು ಬೆಲ್ಟು ಮತ್ತೆ ಹರಿಯಿತು. ಡಾಕ್ಟರು ಹೇಳಿಕಳಿಸಿದರು. ಅವನು ಹೋಗಿ ಹೊಸ ಬೆಲ್ಟು ಹಾಕಿದ, ಪುಲ್ಲಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿದ, ಪ್ಲಾಸ್ಟರ್ ಸುರುಳಿ ಬಿಚ್ಚಿ ಎರಡು ಸುತ್ತು ಸುತ್ತಿದ. ತಟ್ಟೆಯ ಅಂಚಿಗೆ ಕಾಗದದ ಚೂರು ಸಿಕ್ಕಿಸಿ, ಕೈಗಡಿಯಾರ ನೋಡುತ್ತಾ ಎಣಿಸಿದ. ನೂರ ಆರು ಬಂತು.

"ಸರಿಯಾಯ್ತಾ?" ಎಂದು ಡಾಕ್ಟರು ಕೆಳಗಿನಿಂದ ಕೂಗಿದರು.

"ಸರಿಯಾಯ್ತು ಸಾರ್" ಎಂದ ಅವನು.